ಏನೂ ಆಗದ ದಿನಗಳ ಬಯೋಡೇಟಾ

ನನಗೆ ನಲವತ್ತೈದು ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ, ಆಗ ಆ ಜಾಹೀರಾತು ಕಣ್ಣಿಗೆ ಬಿತ್ತು. ಹಾವೇರಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯವನು ಎರಡು ಮಿರ್ಚಿ ಕಟ್ಟಿಕೊಟ್ಟಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆ ಅದು. ಎಣ್ಣೆ ಹೀರಿ ಆ ಬದಿಯ ಅಕ್ಷರ ಈ ಬದಿಗೂ ಕಾಣುತ್ತಿದ್ದವು. ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಸೀನಿಯರ್ ಇಂಟೆಲಿಜೆನ್ಸ್ ಅನಾಲಿಸ್ಟ್ ಬೇಕಾಗಿದ್ದರು. ಯಾವ ಊರಲ್ಲಿ ಯಾವಾಗ ಗಲಾಟೆಯಾದೀತು, ಎಲ್ಲಿ ಲಾರಿ ನಿಂತೀತು, ಎಲ್ಲಿ ಪೇಟೆ ಮುಚ್ಚೀತು ಎಂಬುದನ್ನು ಮೊದಲೇ ಅಳೆದು ದೊಡ್ಡ ದೊಡ್ಡ ಗಿರಾಕಿಗಳಿಗೆ ತಿಳಿಸುವ ಕೆಲಸ. ಪದವಿ ಇರಬೇಕು, ಹದಿನೈದು ವರ್ಷದ ಅನುಭವ ಇರಬೇಕು, ವಯಸ್ಸು ನಲವತ್ತೈದು ಮೀರಿರಬಾರದು. ನಾನು ಮಿರ್ಚಿಯನ್ನು ಎಡಗೈಗೆ ಬದಲಿಸಿಕೊಂಡು ಆ ಹಾಳೆಯನ್ನು ಪ್ಯಾಂಟಿಗೆ ಒರೆಸಿ ಮಡಚಿ ಕಿಸೆಗಿಟ್ಟೆ. ಪ್ಯಾಂಟಿಗೆ ಹತ್ತಿದ ಎಣ್ಣೆಗೆ ಮನೆಯಲ್ಲಿ ಬೈಸಿಕೊಂಡೆ.

ಪೊಲೀಸ್ ಇಲಾಖೆಯ ಗುಪ್ತವಾರ್ತೆಯಲ್ಲಿ ನಾನು ಹತ್ತೊಂಬತ್ತು ವರ್ಷ ತಿರುಗಿದವನು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ತಾಲೂಕು ನನ್ನವು. ಮಫ್ತಿಯಲ್ಲಿ ಓಡಾಡುವುದು, ಕೇಳುವುದು, ನೋಡುವುದು, ಸಂಜೆ ವರದಿ ಬರೆಯುವುದು. ಹೆಸರಿಗೆ ಮಾತ್ರ ಗುಪ್ತ. ಬ್ಯಾಡಗಿ ಪೇಟೆಯಲ್ಲಿ ಹಮಾಲರು ನನ್ನನ್ನು ದೂರದಿಂದ ಕಂಡರೇ ಸಾಕು, "ಗುಪ್ತದಾವ್ರು ಬಂದ್ರ್ಯೋ, ಒಂದ ಚಾ ಹೇಳ್ರಿ" ಎಂದು ಕೂಗುತ್ತಿದ್ದರು. ಆದರೆ ನನಗೆ ಖರೇ ಸುದ್ದಿ ಕೊಡುವವರು ಯಾರೆಂಬುದು ಆ ಕೂಗುವವರಿಗೆ ತಿಳಿದಿರಲಿಲ್ಲ. ಹಾಗೆ ಸುದ್ದಿ ಕೊಡುವವರಲ್ಲೊಬ್ಬ ಪೇಟೆಯಲ್ಲಿ ತೂಕ ಮಾಡುವ ಮುದುಕ. ಅವನನ್ನು ನಾನು ಕದರಮಂಡಲಗಿ ಹನುಮಪ್ಪನ ಗುಡಿಯಲ್ಲಿ, ಶನಿವಾರದ ಸಾಲಿನಲ್ಲಿ ಹಿಂದೆ ಮುಂದೆ ನಿಂತು ಮಾತಾಡಿಸುತ್ತಿದ್ದೆ. ಹೀಗಾಗಿ ಜಿಲ್ಲೆಯ ಪೊಲೀಸರಲ್ಲೆಲ್ಲ ನಾನು ಮಹಾ ದೈವಭಕ್ತ ಎಂದು ಹೆಸರಾಗಿತ್ತು. ಹನುಮಪ್ಪನಿಗೆ ಮಾತ್ರ ಒಳಗಿನ ಮಾತು ಗೊತ್ತಿತ್ತು, ಅವನು ಯಾರಿಗೂ ಹೇಳಲಿಲ್ಲ.

ವರದಿಯ ಕೆಳಗೆ ನನ್ನ ಹೆಸರು ಇರುತ್ತಿರಲಿಲ್ಲ. ಅದು ನಮ್ಮಲ್ಲಿನ ರೂಢಿ. ನಾನು ಬರೆದದ್ದನ್ನು ಸಾಹೇಬರು ಓದುತ್ತಿದ್ದರು, ಒಂದೆರಡು ಕಡೆ ಕಾಟು ಹೊಡೆಯುತ್ತಿದ್ದರು, ಟೈಪಾಗಿ ಬಂದ ಮೇಲೆ ಅವರ ಸಹಿ ಬೀಳುತ್ತಿತ್ತು. ಬರೆದವನ ಹೆಸರು ತಿಳಿದರೆ ಸುದ್ದಿ ಕೊಟ್ಟವನ ಹೆಸರೂ ತಿಳಿಯುತ್ತದೆ, ಆಮೇಲೆ ಯಾರೂ ಸುದ್ದಿ ಕೊಡುವುದಿಲ್ಲ. ಇದು ಸರಿಯಾದ ರೂಢಿಯೇ. ಹತ್ತೊಂಬತ್ತು ವರ್ಷ ನನಗೆ ಅದರ ಬಗ್ಗೆ ತಕರಾರು ಇರಲಿಲ್ಲ.

ತಕರಾರು ಶುರುವಾದದ್ದು ಮೊಣಕಾಲು ಮುರಿದ ಮೇಲೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಮೋಟರ್‌ಸೈಕಲ್ಲಿನಿಂದ ಬಿದ್ದೆ. ಮೂರು ತಿಂಗಳು ಹಾಸಿಗೆ ಹಿಡಿದು ಎದ್ದಾಗ ಕಾಲು ಮಡಚುತ್ತಿರಲಿಲ್ಲ. ತಿರುಗಾಡಲು ಆಗದವನಿಗೆ ಗುಪ್ತವಾರ್ತೆ ಏಕೆ ಎಂದು ನನ್ನನ್ನು ಟಪಾಲು ಖೋಲಿಗೆ ಹಾಕಿದರು. ಬೆಳಗಿನಿಂದ ಸಂಜೆಯವರೆಗೆ ಲಕೋಟೆ ಅಂಟಿಸುವ ಕೆಲಸ. ಗೌಪ್ಯ ಕಾಗದವಾದರೆ ಒಂದು ಲಕೋಟೆಯೊಳಗೆ ಇನ್ನೊಂದು ಲಕೋಟೆ. ಒಳಗಿನದಕ್ಕೆ ಅರಗು ಕಾಯಿಸಿ ಸುರಿದು ಮೊಹರು ಒತ್ತಬೇಕು, ಮೇಲೆ "ಗೌಪ್ಯ, ವಿಳಾಸದಾರರೇ ಒಡೆಯತಕ್ಕದ್ದು" ಎಂದು ಕೆಂಪು ಮಸಿಯಲ್ಲಿ ಬರೆಯಬೇಕು. ಒಳಗೆ ಏನಿದೆ ಎಂದು ನೋಡುವ ಹಕ್ಕು ನನಗಿರಲಿಲ್ಲ. ಹತ್ತೊಂಬತ್ತು ವರ್ಷ ಒಳಗಿನದನ್ನು ಬರೆದವನು ಈಗ ಹೊರಗಿನ ಅಂಟು ನೆಕ್ಕುತ್ತಿದ್ದೆ. ತಲೆ ಇನ್ನೂ ಚೆನ್ನಾಗಿ ಓಡುತ್ತಿರುವಾಗ ಕಾಲಿನ ತಪ್ಪಿಗೆ ತಲೆಯನ್ನು ಮೂಲೆಗೆ ಕೂಡಿಸಿದ್ದರು.

ಆ ಜಾಹೀರಾತಿನ ಕೆಲಸ ಕುಳಿತು ಮಾಡುವಂಥದ್ದು. ಕಾಲು ಬೇಕಿರಲಿಲ್ಲ, ತಲೆ ಮಾತ್ರ ಸಾಕಿತ್ತು. ನನ್ನ ಮಟ್ಟಿಗೆ ಅದು ಕೊನೆಯ ಬಾಗಿಲು. ಶಾಲೆಗೆ ಸೇರಿಸುವಾಗ ಮಾಸ್ತರರು ನನಗೂ ನನ್ನ ಓಣಿಯ ಅರ್ಧ ಹುಡುಗರಿಗೂ ಜೂನ್ ಒಂದನೆಯ ತಾರೀಕೆಂದೇ ಜನ್ಮ ಕೊಟ್ಟಿದ್ದರು. ಆ ಜೂನ್ ಒಂದು ಬಂದು ಹೋದರೆ ಯಾವ ಕಂಪನಿಯೂ ನನ್ನನ್ನು ಮೂಸಿ ನೋಡುತ್ತಿರಲಿಲ್ಲ. ಅರ್ಜಿಗೆ ಉಳಿದದ್ದು ಹದಿನೆಂಟು ದಿನ.

ಮನೆಯಲ್ಲಿ ಹೇಳಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿಗೆ ನನ್ನ ಕೆಲಸದ ಬಗ್ಗೆ ಗೊತ್ತಿದ್ದದ್ದು ಡಬ್ಬಿಗೆ ಎಷ್ಟು ರೊಟ್ಟಿ ಕಟ್ಟಬೇಕು ಎಂಬುದಷ್ಟೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದಳು, ನಾನು "ಅದೆಲ್ಲ ಹೇಳಂಗಿಲ್ಲ" ಎಂದಿದ್ದೆ, ಅವಳು ಮತ್ತೆ ಕೇಳಲಿಲ್ಲ. ಅವಳ ಅಪ್ಪ, ನನ್ನ ಮಾವ, ಬ್ಯಾಡಗಿ ತಾಲೂಕಿನಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದವರು, ಮಾತಿನಲ್ಲೂ ಖಾರ ಇದ್ದವರು. ಯಾರಾದರೂ ಅಳಿಯ ಏನು ಮಾಡುತ್ತಾನೆ ಎಂದರೆ, "ಮಂದಿ ಚಾ ಕುಡಿಯೂದು ನೋಡ್ತಾನ, ಅದಕ್ಕ ಸರಕಾರ ಪಗಾರ ಕೊಡ್ತೈತಿ" ಎನ್ನುತ್ತಿದ್ದರು. ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಕೊನೆಯವರೆಗೂ ಹಾಗೆಯೇ ಎನ್ನುತ್ತಿದ್ದರು.

"ಬೆಂಗಳೂರಿಗೆ ಹೋಗೂದಂದ್ರ ಹೋಗೂಣು," ಎಂದಳು ಹೆಂಡತಿ. "ಆದ್ರ ಈ ಟಪಾಲ ಖೋಲ್ಯಾಗಿಂದ ಮದ್ಲ ಹೊರಗ ಬರ್ರಿ. ನಿಮ್ಮ ಮಾರಿ ನೋಡಾಕ ಆಗವಲ್ದು."

ನಾನು ಆ ರವಿವಾರ ಕುಳಿತು ಮೂರು ಪುಟ ಬರೆದೆ. ಬರೆದದ್ದನ್ನು ತೆಗೆದುಕೊಂಡು ಕೋರ್ಟಿನ ಹಿಂದಿನ ಓಣಿಯಲ್ಲಿದ್ದ ಕಂಪ್ಯೂಟರ್ ಟೈಪಿಂಗ್ ಅಂಗಡಿಗೆ ಹೋದೆ. ಅದನ್ನು ನಡೆಸುತ್ತಿದ್ದವಳು ಮೂವತ್ತರ ಆಸುಪಾಸಿನ ಮುಸ್ಲಿಂ ಹೆಣ್ಣುಮಗಳು. ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬೆರಳು ಓಡುತ್ತಿತ್ತು, ನಾಲಿಗೆ ಇನ್ನೂ ಜೋರಾಗಿ ಓಡುತ್ತಿತ್ತು. ವಕೀಲರ ಅಫಿಡವಿಟ್ಟು, ಲಗ್ನಪತ್ರಿಕೆ, ಡಿಪ್ಲೊಮಾ ಮುಗಿಸಿದವರ ಬಯೋಡೇಟಾ ಎಲ್ಲ ಅಲ್ಲೇ ಆಗುತ್ತಿತ್ತು. ಅವಳು ನನ್ನ ಮೂರು ಪುಟವನ್ನು ನಿಂತಲ್ಲೇ ಓದಿದಳು.

"ಅಣ್ಣಾರ, ಇದು ನಿಮ್ಮ ಬಯೋಡೇಟಾನೋ, ನಿಮ್ಮ ಮ್ಯಾಲಿನ ಚಾರ್ಜ್‌ಶೀಟೋ?"

ನಾನು ಇಲಾಖೆಯ ಪದ್ಧತಿಯಲ್ಲೇ ಬರೆದಿದ್ದೆ. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ. ಸದರಿ ಅರ್ಜಿದಾರನು ಇಂತಿಂಥ ಠಾಣಾ ವ್ಯಾಪ್ತಿಯಲ್ಲಿ ಕರ್ತವ್ಯ ನಿರ್ವಹಿಸಿರುತ್ತಾನೆ. ಎತ್ತರ ಇಷ್ಟು, ಎದೆ ಸುತ್ತಳತೆ ಇಷ್ಟು, ಉಸಿರು ತುಂಬಿದಾಗ ಇಷ್ಟು. ಊರಿನ ಹೆಸರು ಬರುವಲ್ಲೆಲ್ಲ "ಒಂದು ಪಟ್ಟಣದಲ್ಲಿ" ಎಂದು ಬರೆದಿದ್ದೆ, ಮನುಷ್ಯರು ಬರುವಲ್ಲೆಲ್ಲ "ಸಂಬಂಧಪಟ್ಟವರು" ಎಂದು ಬರೆದಿದ್ದೆ.

"ಎದಿ ಅಳತಿ ತಗೊಂಡು ಅವರೇನ್ ಅಂಗಿ ಹೊಲಿಸ್ತಾರೇನ್ರಿ?" ಎಂದಳು. "ಕುಂದರ್ರಿ ಇಲ್ಲೆ. ಹದಿನೈದು ವರ್ಷದ ಕೆಲಸಾ ಮಾಡಿದವ್ರನ್ನ ಕೇಳ್ಯಾರ. ದೊಡ್ಡ ಹುದ್ದೆ. ಅವರ ಮುಂದ ಇಂಥಾ ನೂರು ಕಾಗದ ಬಿದ್ದಿರ್ತಾವ. ಒಂದೊಂದಕ್ಕ ಅರ್ಧ ನಿಮಿಷ ಕೊಟ್ರ ಹೆಚ್ಚು. ಒಂದ ಪುಟ ಆಗಬೇಕು. ಮ್ಯಾಲಿನ ನಾಕ ಸಾಲಿನ್ಯಾಗ ನೀವು ಯಾರು ಅನ್ನೂದು ಅವರಿಗೆ ಹತ್ತಬೇಕು. ಡ್ಯೂಟಿ ಏನಿತ್ತು ಅಂತ ಬ್ಯಾಡ. ಅದು ಎಲ್ಲಾರದೂ ಅದೇ ಇರ್ತೈತಿ. ನೀವು ಏನ ನೋಡಿದ್ರಿ, ಅದರಿಂದ ಏನ ತಿಳ್ಕೊಂಡ್ರಿ, ಯಾರಿಗೆ ಹೇಳಿದ್ರಿ, ಆಮ್ಯಾಲ ಏನಾತು, ಅಷ್ಟ ಹೇಳ್ರಿ."

ಇಷ್ಟು ವರ್ಷ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಝೆರಾಕ್ಸ್ ಮಷಿನ್ನಿನ ಹತ್ತಿರ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿ ಬ್ಯಾಡಗಿಯ ಚೀಲದ ಸಂಗತಿಯನ್ನು ಹೇಳಿದೆ.

ಅದು ನಡೆದದ್ದು ಆಗ್ಗೆ ಆರು ವರ್ಷದ ಹಿಂದೆ, ಮೆಣಸಿನಕಾಯಿ ಹಂಗಾಮಿನ ನಡುವೆ. ನಾನು ಬೇರೇನೋ ಕೆಲಸಕ್ಕೆ ಗುತ್ತಲಕ್ಕೆ ಹೋಗಿದ್ದೆ. ಅಲ್ಲಿ ಖಾಲಿ ಗೋಣಿಚೀಲ ಮಾರುವ ಅಂಗಡಿಯವನು ಬಾಗಿಲು ಎಳೆದುಕೊಂಡು ಆರಾಮಾಗಿ ಕುಳಿತಿದ್ದ. ಯಾಕಪ್ಪಾ ಎಂದರೆ, ಚೀಲ ಎಲ್ಲ ತೀರಿದವು ಎಂದ. ಮರುದಿನ ರಾಣೆಬೆನ್ನೂರಿನಲ್ಲೂ ಅದೇ ಮಾತು. ಹಬ್ಬದ ಸಲುವಾಗಿ ಪೇಟೆ ಎರಡು ಸಲ ಬಂದ್ ಆಗಿತ್ತು. ಎಲ್ಲರ ಮನೆಯಲ್ಲೂ ಮಾಲು ಹಾಗೆಯೇ ಬಿದ್ದಿತ್ತು. ಹೆದ್ದಾರಿಯ ಢಾಬಾದಲ್ಲಿ ನಿಂತ ಲಾರಿಯವರನ್ನು ಮಾತಾಡಿಸಿದರೆ, ಬಳ್ಳಾರಿ ರಾಯಚೂರಿನ ಕಡೆಯಿಂದಲೂ ಬ್ಯಾಡಗಿಗೇ ಬಾಡಿಗೆ ಹಿಡಿದಿದ್ದರು. ಶನಿವಾರ ಕದರಮಂಡಲಗಿಯ ಸಾಲಿನಲ್ಲಿ ತೂಕದ ಮುದುಕ ನನ್ನ ಹಿಂದೆ ನಿಂತು, "ಖರೀದಿದಾರ್ರು ಈ ಸಲ ಕಡಿಮಿ ಬರಾವ್ರದಾರ್ರಿ, ಗೋದಾಮು ತುಂಬ್ಯಾವ" ಎಂದ. ಇಷ್ಟನ್ನೂ ಕೂಡಿಸಿದರೆ ಮುಂದಿನ ಪೇಟೆಯ ದಿನ ಎಂದಿಗಿಂತ ಎರಡು ಮೂರು ಪಟ್ಟು ಮಾಲು ಬಂದು ಬೀಳುತ್ತದೆ, ಕೊಳ್ಳುವವರು ಇರುವುದಿಲ್ಲ, ದರ ಧಪ್ಪನೆ ಬೀಳುತ್ತದೆ, ನಿಲ್ಲಲೂ ಜಾಗವಿಲ್ಲದೆ ಬಿಸಿಲಲ್ಲಿ ಕಾದು ಕೆರಳಿದ ಮಂದಿಯ ನಡುವೆ ಒಬ್ಬನೇ ಒಬ್ಬ ಕಲ್ಲೆತ್ತಿದರೂ ಸಾಕು. ಹಾಗೆಂದು ಬರೆದು ಐದು ದಿನ ಮೊದಲೇ ಕೊಟ್ಟೆ. ಏನು ಮಾಡಬಹುದು ಎಂಬುದನ್ನೂ ಬರೆದೆ: ಲಾರಿಗಳನ್ನು ಊರ ಹೊರಗೇ ಸಾಲಾಗಿ ನಿಲ್ಲಿಸಿ ಚೀಟಿ ಕೊಟ್ಟು ಪಾಳಿಯಂತೆ ಬಿಡುವುದು, ನೀರಿನ ಟ್ಯಾಂಕರ್ ಇಡುವುದು, ಒಂದೇ ದಿನದ ಹರಾಜನ್ನು ಎರಡು ದಿನಕ್ಕೆ ಹಂಚುವುದು. ಮೇಲಿನವರು ಒಪ್ಪಿ ಹಾಗೆಯೇ ಮಾಡಿಸಿದರು.

"ಆಮ್ಯಾಲ ಏನಾತ್ರಿ?" ಎಂದಳು. ಅವಳ ಕೈ ಕೀಬೋರ್ಡಿನ ಮೇಲೆಯೇ ಇತ್ತು.

"ಏನೂ ಆಗ್ಲಿಲ್ಲ."

"ಅಂದ್ರ?"

"ಅಂದ್ರ ಏನೂ ಆಗ್ಲಿಲ್ಲ ತಂಗಿ. ಮಂದಿ ಬಂದ್ರು, ಮಾಲು ಮಾರಿದ್ರು, ಬೈಕೋಂತ ಮನಿಗೆ ಹೋದ್ರು."

"ಇಂಥಾವು ಇನ್ನೆಷ್ಟು ಅದಾವ?" ಎಂದಳು.

ನಾನು ಹೇಳುತ್ತಾ ಹೋದೆ. ರಾಣೆಬೆನ್ನೂರಿನಲ್ಲಿ ಎರಡು ಮೆರವಣಿಗೆ ಒಂದೇ ಚೌಕಿಗೆ ಒಂದೇ ಹೊತ್ತಿಗೆ ಬರಲಿದ್ದದ್ದು, ನಾನು ಬ್ಯಾಂಡ್‌ಸೆಟ್ಟಿನವರ ಬಾಯಿಂದ ಅದನ್ನು ತಿಳಿದು ಬರೆದದ್ದು, ಎರಡೂ ಕಡೆಯ ಹಿರಿಯರನ್ನು ಕೂಡಿಸಿ ಹೊತ್ತು ಬದಲಿಸಿದ್ದು. ಏನೂ ಆಗಲಿಲ್ಲ. ಬೀಜದ ಅಂಗಡಿಗಳ ಮುಂದೆ ಮಂದಿ ಮುಗಿಬೀಳುವ ಸೂಚನೆ, ಮೊದಲೇ ಊರೂರಿಗೆ ಚೀಟಿ ಹಂಚಿದ್ದು. ಏನೂ ಆಗಲಿಲ್ಲ. ಒಂದು ಹಳ್ಳಿಯ ಕೆರೆಯ ನೀರಿನ ಜಗಳ. ಅಲ್ಲಿಯೂ ಏನೂ ಆಗಲಿಲ್ಲ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಕಳ್ಳನನ್ನು ಹಿಡಿದ ಪೊಲೀಸನಿಗೆ ತೋರಿಸಲು ಒಬ್ಬ ಕಳ್ಳನಾದರೂ ಇರುತ್ತಾನೆ. ನನ್ನ ಕೈಯಲ್ಲಿ ಇದ್ದದ್ದು ಆಗದೇ ಹೋದ ಸಂಗತಿಗಳು ಮಾತ್ರ.

"ಇವನ್ನ ನೀವ ಮಾಡಿದ್ರಿ ಅನ್ನಾಕ ಏನಾರ ಕಾಗದ ಐತೇನ್ರಿ? ಒಂದ ಸಹಿ, ಒಂದ ಶಿಫಾರಸ್ಸು?" ಎಂದಳು.

ನನ್ನ ಸಹಿ ಇದ್ದ ಕಾಗದ ಕಚೇರಿಯಲ್ಲಿ ಒಂದೇ ಜಾಗದಲ್ಲಿತ್ತು. ಹಳೆಯ ಗೌಪ್ಯ ವರದಿಗಳ ಕಚೇರಿ ಪ್ರತಿಯನ್ನು ವರ್ಷಕ್ಕೊಮ್ಮೆ ಹಿತ್ತಲಲ್ಲಿ ಸುಡಬೇಕಾಗುತ್ತಿತ್ತು. ಅದನ್ನು ಸುಡುವವನು ನಾನೇ. ಸುಟ್ಟ ಮೇಲೆ "ನನ್ನ ಸಮಕ್ಷಮ ಪೂರ್ಣವಾಗಿ ಸುಡಲಾಗಿದೆ" ಎಂದು ಒಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಹತ್ತೊಂಬತ್ತು ವರ್ಷದ ನನ್ನ ಹತ್ತೊಂಬತ್ತು ಸಹಿ ಆ ಪುಸ್ತಕದಲ್ಲಿ ಸಾಲಾಗಿ ಇದ್ದವು. ಇದನ್ನು ಹೇಳಿದಾಗ ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. "ಅದನ್ನ ಹಚ್ಚೂದು ಬ್ಯಾಡ್ರಿ," ಎಂದಳು ಅಷ್ಟೆ.

ಶಿಫಾರಸ್ಸಿಗೆ ನಾನು ರಾಣೆಬೆನ್ನೂರಿಗೆ ಹೋದೆ. ಬ್ಯಾಡಗಿಯ ಆ ವರದಿಗೆ ಸಹಿ ಹಾಕಿದ್ದ ಸಾಹೇಬರು ನಿವೃತ್ತರಾಗಿ ಅಲ್ಲೊಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಒಳ್ಳೆಯ ಮನುಷ್ಯ. ನನ್ನ ಕಾಲು ನೋಡಿ ತಾವೇ ಎದ್ದು ಎತ್ತರದ ಕುರ್ಚಿ ತಂದು ಹಾಕಿದರು. ಮನೆಯವರಿಗೆ ಹೇಳಿ ಅವಲಕ್ಕಿ ಮಾಡಿಸಿದರು. ನಾನು ಬಂದ ಕೆಲಸ ಹೇಳಿದೆ. ಚೀಲದ ವರದಿಯ ಬಗ್ಗೆ ಎರಡು ಸಾಲು ಬರೆದುಕೊಟ್ಟರೆ ಸಾಕು ಎಂದೆ.

"ಅಯ್ಯ, ಚೀಲದ ರಿಪೋರ್ಟ್!" ಎಂದು ಅವರು ತೊಡೆ ತಟ್ಟಿದರು. "ಅದನ್ನ ಹ್ಯಾಂಗ ಮರೀಲೋ. ಗುತ್ತಲದಾಗ ಚೀಲ ತೀರ್ಯಾವ ಅಂತ ಕೇಳಿದ ಕೂಡ್ಲೆ ನನ್ನ ತಲ್ಯಾಗ ಟಕ್ ಅಂತು ನೋಡು. ಅಲ್ಲೆ ಕುಂತು ಬರದೆ. ಮ್ಯಾಲಿನವ್ರು ಫೋನ್ ಮಾಡಿ ಶಾಬಾಸ್ ಅಂದಿದ್ರು. ನೀನೂ ಆಗ ಅಲ್ಲೇ ಇದ್ದಿ, ಹೌದಿಲ್ಲೋ?"

ನಾನು ಅವರ ಮುಖವನ್ನೇ ನೋಡಿದೆ. ಸುಳ್ಳು ಹೇಳುವವರ ಮುಖ ನೋಡುವುದೇ ಹತ್ತೊಂಬತ್ತು ವರ್ಷ ನನ್ನ ಕಸುಬಾಗಿತ್ತು. ಇವರು ಸುಳ್ಳು ಹೇಳುತ್ತಿರಲಿಲ್ಲ. ಸಹಿ ಹಾಕಿ ಹಾಕಿ ಅದು ನಿಜವಾಗಿ ಅವರದೇ ಆಗಿಹೋಗಿತ್ತು. ಮುದುಕನಿಗೆ ಉಳಿದ ಒಂದೇ ಹೆಮ್ಮೆ ಅದು ಎಂಬುದೂ ಕಾಣುತ್ತಿತ್ತು. ಸಿಟ್ಟು ಬಂತು, ಅದನ್ನು ಅವಲಕ್ಕಿಯ ಜೊತೆ ನುಂಗಿದೆ. "ಹೌದ್ರಿ ಸಾಹೇಬ್ರ, ಅಲ್ಲೇ ಇದ್ದೆ" ಎಂದೆ.

ಅವರು ಖುಷಿಯಿಂದಲೇ ಒಂದು ಪತ್ರ ಬರೆದುಕೊಟ್ಟರು. ಈತನು ಪ್ರಾಮಾಣಿಕ, ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮಾಡುವವನು, ಗುಟ್ಟು ಕಾಯುವವನು, ಚಹಾ ಬಿಟ್ಟರೆ ಬೇರೆ ಚಟವಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅದನ್ನು ಎರಡು ಸಲ ಓದಿದೆ. ಮಗಳಿಗೆ ಗಂಡು ಹುಡುಕುವವರಿಗೆ ಅದು ಬಹಳ ಉಪಯೋಗದ ಪತ್ರವಾಗಿತ್ತು.

ಟೈಪಿಂಗ್ ಅಂಗಡಿಯ ತಂಗಿ ಆ ಪತ್ರವನ್ನು ಬದಿಗಿಟ್ಟಳು. "ಇದೂ ಬ್ಯಾಡ. ನಿಮ್ಮ ತಲಿ ಹ್ಯಾಂಗ ಓಡ್ತೈತಿ ಅನ್ನೂದನ್ನ ಕಾಗದದ ಮ್ಯಾಲ ತೋರಿಸೂಣು. ಅದಕ್ಕ ಯಾರ ಸಹಿನೂ ಬೇಕಾಗಿಲ್ಲ" ಎಂದಳು. ಹತ್ತು ಹನ್ನೆರಡು ದಿನ, ಕಚೇರಿ ಬಿಟ್ಟ ಮೇಲೆ ಸಂಜೆ ಐದೂವರೆಯಿಂದ ಒಂದು ತಾಸು ನಾನು ಅವಳ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನಾನು ಕನ್ನಡದಲ್ಲಿ ಹತ್ತು ಸಾಲು ಹೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಮಾಡುತ್ತಿದ್ದಳು. ಜಾಹೀರಾತಿನಲ್ಲಿ ಅವರು ಕೇಳಿದ್ದನ್ನು ಪೆನ್ನಿನಿಂದ ಗೆರೆ ಹೊಡೆದಿಟ್ಟುಕೊಂಡು, ಪ್ರತಿಯೊಂದಕ್ಕೂ ನನ್ನ ಒಂದು ದಿನವನ್ನು ಹುಡುಕಿ ಎದುರಿಗೆ ಕೂಡಿಸಿದಳು. ಊರಿನ ಹೆಸರು ಹಾಕಲು ನನ್ನನ್ನು ಒಪ್ಪಿಸಬೇಕಾದರೆ ಎರಡು ಸಂಜೆ ಹೋದವು. ಸುದ್ದಿ ಕೊಟ್ಟವರ ಗುರುತು ಮಾತ್ರ ಎಲ್ಲೂ ಬರಬಾರದೆಂದೆ, ಅದಕ್ಕೆ ಅವಳು ಒಪ್ಪಿದಳು. ಪ್ರತಿ ಸಾಲೂ "ನಾನು" ಎಂದು ಶುರುವಾಗುತ್ತಿತ್ತು. ನನಗೆ ಮೈಮೇಲೆ ಬೇರೆಯವರ ಅಂಗಿ ಹಾಕಿಕೊಂಡಂತಾಗುತ್ತಿತ್ತು.

ಕೊನೆಗೆ ಒಂದು ಪುಟ ತಯಾರಾಯಿತು. ಮಷಿನ್ನಿನಿಂದ ಬಿಸಿ ಬಿಸಿಯಾಗಿ ಹೊರಬಂದ ಆ ಹಾಳೆಯನ್ನು ಓದಿದೆ. ಸುಳ್ಳು ಒಂದೂ ಇರಲಿಲ್ಲ, ಜಂಬವೂ ಇರಲಿಲ್ಲ. ಖಾಲಿ ಚೀಲ, ಲಾರಿ ಬಾಡಿಗೆ, ಮುಚ್ಚಿದ ಪೇಟೆ, ತುಂಬಿದ ಗೋದಾಮು ಎಂಬ ನಾಲ್ಕು ಸಂಗತಿಗಳಿಂದ ಐದು ದಿನ ಮೊದಲೇ ಒಂದು ಗಲಭೆಯನ್ನು ಕಂಡವನು, ಅದನ್ನು ತಪ್ಪಿಸುವ ದಾರಿ ಹೇಳಿದವನು, ಹೇಳಿದಂತೆ ಮಾಡಿದ ದಿನ ಏನೂ ಆಗಲಿಲ್ಲ ಎಂದು ಬರೆದಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಇಂಥವನೊಬ್ಬ ಹಾವೇರಿಯಲ್ಲಿ ಇದ್ದಾನೆಂದು ನನಗೇ ಗೊತ್ತಿರಲಿಲ್ಲ.

"ಇಮೇಲ್ ಮಾಡಿ ಬಿಡ್ತೇನ್ರಿ ಈಗ," ಎಂದಳು ಅವಳು. "ಜಾಹೀರಾತಿನ್ಯಾಗ ವಿಳಾಸ ಕೊಟ್ಟಾರ. ಬಾಜೂಕಿನ ಇಂಟರ್‌ನೆಟ್ ಅಂಗಡ್ಯಾಗ ಎರಡ ನಿಮಿಷದ ಕೆಲಸ."

ಇಲ್ಲಿಂದ ಮುಂದಿನದೆಲ್ಲ ನನ್ನ ಕೈಯಾರೆ ನಾನೇ ಮಾಡಿಕೊಂಡದ್ದು. ಬೇರೆ ಯಾರನ್ನೂ ಬೈಯುವಂತಿಲ್ಲ.

"ಬ್ಯಾಡ," ಎಂದೆ. "ಇಮೇಲ್ ಯಾರ್ ಬೇಕಾದ್ರೂ ಓದ್ತಾರ."

"ಓದ್ಲಿ ಅಂತನ ಅಲ್ರಿ ಬರದಿದ್ದು?"

ಅವಳು ಹೇಳಿದ್ದು ಸರಿ ಎಂದು ಅಲ್ಲಿಯೇ ಗೊತ್ತಾಗಬೇಕಿತ್ತು. ಆದರೆ ಊರಿನ ಹೆಸರು, ವರದಿಯ ಒಳಮಾತು ಇದ್ದ ಕಾಗದ ಗಾಳಿಯಲ್ಲಿ ಹೋಗುತ್ತದೆ ಎಂದರೆ ನನ್ನ ಕೈ ಒಪ್ಪಲಿಲ್ಲ. ಒಂದೇ ಪ್ರತಿ ತೆಗೆಸಿದೆ. ಕಂಪ್ಯೂಟರಿನಲ್ಲಿದ್ದದ್ದನ್ನು ನನ್ನ ಕಣ್ಣೆದುರೇ ಅಳಿಸಲು ಹೇಳಿದೆ. ಅವಳು ಎರಡು ಸಲ "ಇರ್ಲಿ ಬಿಡ್ರಿ ಅಣ್ಣಾರ" ಎಂದಳು, ಮೂರನೆಯ ಸಲ ತಲೆ ಅಲ್ಲಾಡಿಸಿ ಅಳಿಸಿದಳು. ಕರಡು ಹಾಳೆಗಳನ್ನೆಲ್ಲ ಎಣಿಸಿ ತೆಗೆದುಕೊಂಡು ಹೋಗಿ ಮನೆಯ ನೀರೊಲೆಗೆ ಹಾಕಿದೆ. ಪೂರ್ತಿ ಬೂದಿಯಾಗುವವರೆಗೆ ನಿಂತು ನೋಡಿದೆ.

ಮರುದಿನ ಅರಗು ಕೊಂಡು ತಂದೆ. ಕಚೇರಿಯದನ್ನು ಮುಟ್ಟಲಿಲ್ಲ. ಒಳ ಲಕೋಟೆಗೆ ಐದು ಕಡೆ ಅರಗು ಸುರಿದು, ನನ್ನ ಬೆರಳಿನ ಬೆಳ್ಳಿ ಉಂಗುರದಿಂದ ಒತ್ತಿದೆ. ಹೊರ ಲಕೋಟೆಯ ಮೇಲೆ ಜಾಹೀರಾತಿನ ಕೆಳಗಿದ್ದ ಅಧಿಕಾರಿಯ ಹೆಸರು ಬರೆದು, ಕೆಂಪು ಮಸಿಯಲ್ಲಿ "ಗೌಪ್ಯ, ವಿಳಾಸದಾರರಿಗೇ ಕೊಡತಕ್ಕದ್ದು" ಎಂದು ಇಂಗ್ಲಿಷಿನಲ್ಲಿ ಬರೆದೆ. ರಜಿಸ್ಟರ್ ಮಾಡಿಸಿದೆ. ಪೋಸ್ಟಿನ ಕಿಟಕಿಯಲ್ಲಿದ್ದವರು ಲಕೋಟೆಯನ್ನು ತಿರುವಿ ತಿರುವಿ ನೋಡಿ, "ಏನ್ರೀ ಸಾಹೇಬ್ರ, ಸರಕಾರಿ ಗುಟ್ಟು ಏನೋ?" ಎಂದರು. ನಾನು ನಕ್ಕೆ. ಕೊನೆಯ ತಾರೀಕಿಗೆ ಇನ್ನೂ ನಾಲ್ಕು ದಿನ ಇತ್ತು.

ಮೇ ತಿಂಗಳು ಕಾಯುವುದರಲ್ಲೇ ಹೋಯಿತು. ಟಪಾಲು ಖೋಲಿಯಲ್ಲಿ ಕುಳಿತು ದಿನವೂ ಬೆಂಗಳೂರಿನಲ್ಲಿ ಯಾರೋ ಆ ಹಾಳೆ ಓದುತ್ತಿರುವುದನ್ನು ನೆನೆಯುತ್ತಿದ್ದೆ. ಅರ್ಧ ನಿಮಿಷವಲ್ಲ, ಕನಿಷ್ಠ ಎರಡು ನಿಮಿಷ ಕೊಟ್ಟಾರು ಎಂದುಕೊಳ್ಳುತ್ತಿದ್ದೆ. ಹೆಂಡತಿ ಅಂಚೆಯವನ ಸೈಕಲ್ಲಿನ ಸಪ್ಪಳ ಕೇಳಿದರೆ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಜೂನ್ ಒಂದನೆಯ ತಾರೀಕು ಬಂತು, ನಲವತ್ತೈದು ತುಂಬಿತು. ಅವಳು ಅಂದು ಹೋಳಿಗೆ ಮಾಡಿದ್ದಳು. ಮಾಸ್ತರರು ಕೊಟ್ಟ ಹುಟ್ಟುಹಬ್ಬಕ್ಕೆ ನಮ್ಮ ಮನೆಯಲ್ಲಿ ಹೋಳಿಗೆಯಾದದ್ದು ಅದೊಂದೇ ಸಲ.

ಮುಂದಿನ ವಾರ ಅಂಚೆಯವನು ನನ್ನ ಲಕೋಟೆಯನ್ನೇ ತಂದು ಕೊಟ್ಟ. ಮೇಲೆ ಯಾರದೋ ಅವಸರದ ಕೈಬರಹ: ವಿಳಾಸದಾರರು ಕೆಲಸ ಬಿಟ್ಟಿದ್ದಾರೆ, ಕಳುಹಿಸಿದವರಿಗೆ ಹಿಂತಿರುಗಿಸಿ. ಆ ಅಧಿಕಾರಿ ಬೇರೆ ಕಡೆ ಹೋಗಿದ್ದರು. ಅವರಿಗೇ ಕೊಡಬೇಕೆಂದು ನಾನು ಕೆಂಪು ಮಸಿಯಲ್ಲಿ ಬರೆದಿದ್ದರಿಂದ ಬೇರೆ ಯಾರೂ ಅದನ್ನು ತೆಗೆದುಕೊಂಡಿರಲಿಲ್ಲ. ಜಾಹೀರಾತಿನ ಇಮೇಲ್ ವಿಳಾಸ ಮಾತ್ರ ಕಂಪನಿಯದಾಗಿತ್ತು, ಯಾರ ಹೆಸರಿನದೂ ಅಲ್ಲ.

ಬಾಗಿಲಲ್ಲೇ ನಿಂತು ಹೊರ ಲಕೋಟೆ ಹರಿದೆ. ಒಳಗಿನದರ ಅರಗು ಐದೂ ಕಡೆ ಹಾಗೆಯೇ ಇತ್ತು. ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿದೆ, ಒಂದೂ ಬಿರುಕು ಬಿಟ್ಟಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು. ಬೆಂಗಳೂರಿನವರೆಗೆ ಹೋಗಿ ಬಂದರೂ ಒಳಗಿನ ಮಾತು ಒಬ್ಬರಿಗೂ ತಿಳಿದಿರಲಿಲ್ಲ. ಆಮೇಲೆ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಕಾಲು ಮಡಚದಿದ್ದರಿಂದ ಅದನ್ನು ಉದ್ದಕ್ಕೆ ಚಾಚಿಕೊಂಡೇ ಅತ್ತೆ.

ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು. ಸಮಾಧಾನದ ಮಾತು ಅವಳಿಗೆ ಬರುವುದಿಲ್ಲ. ಲಕೋಟೆಯ ಕಡೆ ಕೈ ತೋರಿಸಿ, "ಒಡೀರಿ ಅದನ್ನ," ಎಂದಳು.

"ಈಗ ಒಡದ ಏನ ಮಾಡೂದೈತಿ?"

"ನಾ ಕೇಳ್ತೇನಿ. ಇಪ್ಪತ್ತ ವರ್ಷ ನೀವ ಎಲ್ಲಿ ಹೋಗ್ತಿದ್ರಿ, ಏನ ಮಾಡ್ತಿದ್ರಿ, ನನಗೂ ಗೊತ್ತಾಗ್ಲಿ."

ಅರಗು ಒಡೆದೆ. ಅದು ಇಂಗ್ಲಿಷಿನಲ್ಲಿತ್ತು, ನಾನು ಕನ್ನಡ ಮಾಡಿ ಹೇಳಬೇಕಾಯಿತು. ಗುತ್ತಲದ ಚೀಲದಂಗಡಿ, ರಾಣೆಬೆನ್ನೂರು, ಲಾರಿಯವರು, ಬ್ಯಾಡಗಿ ಪೇಟೆ, ಊರ ಹೊರಗಿನ ಸಾಲು, ಚೀಟಿ, ಪಾಳಿ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ನಾನು ಮುಗಿಸಿದ ಮೇಲೆ, "ಆಮ್ಯಾಲ?" ಎಂದಳು.

"ಆಮ್ಯಾಲ ಏನೂ ಆಗ್ಲಿಲ್ಲ."

ಅವಳು ಹುಬ್ಬು ಗಂಟಿಕ್ಕಿ ಏನನ್ನೋ ನೆನಪಿಸಿಕೊಂಡಳು. "ಆ ಸಲ ಅಪ್ಪ ಹೋಗಿದ್ದ ಆ ಪ್ಯಾಟಿಗೆ. ಎರಡ ದಿನ ಚೀಟಿ ಹಿಡಕೊಂಡು ಬಿಸಿಲಾಗ ಸಾಲು ನಿಂತಿದ್ನಂತ. ಮನಿಗೆ ಬಂದು ಕೈಕಾಲು ತೊಳಕೊಂಡು ಉಣ್ಣಾಕ ಕುಂತು, 'ಯಾವ ಶ್ಯಾಣ್ಯಾ ಈ ಸಾಲು ಹಚ್ಚಿಸಿದ್ನೋ, ಅವನ ಮನಿ ಹಾಳಾಗ' ಅಂತ ಬೈದಾನ ಬೈದಾನ, ಎರಡ ರೊಟ್ಟಿ ಹೆಚ್ಚಿಗಿ ಉಂಡ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅದು ನೀವಽ ಏನು?" ಎಂದಳು.

"ಹೌದು," ಎಂದೆ. "ನಾನಽ."